ಬೆಟ್ಟವಿಲ್ಲದ ಊರಿನಲ್ಲಿ ತೇಜಸ್ವಿಯ ಗಾಳ

ಸಿಂಗಪುರದ ಅತಿ ಎತ್ತರದ ಜಾಗ ಬುಕಿತ್ ತಿಮಾ. ಮಲಯ್ ಭಾಷೆಯಲ್ಲಿ ಬುಕಿತ್ ಅಂದರೆ ಬೆಟ್ಟ. ಎತ್ತರ 163 ಮೀಟರ್. ಮಲೆನಾಡಿನವರು ಇದನ್ನು ಬೆಟ್ಟ ಅಂತ ಒಪ್ಪುವುದಿಲ್ಲ, ಹೆಚ್ಚೆಂದರೆ ದಿಬ್ಬ ಅಂದಾರು. ಬಂಡೆಯಿಂದ ಬಂಡೆಗೆ ಧುಮುಕುವ ಹೊಳೆ ಇಲ್ಲಿಲ್ಲ. ಇರುವುದು ಕಾಂಕ್ರೀಟ್ ಕಾಲುವೆ, ಕಟ್ಟೆ ಕಟ್ಟಿ ನಿಲ್ಲಿಸಿದ ಜಲಾಶಯ, ಸುತ್ತ ಸಮುದ್ರ. ಇಂಥ ಊರಿನಲ್ಲಿ ಕೂತು ನೀವೂ ನಾನೂ ಪೂರ್ಣಚಂದ್ರ ತೇಜಸ್ವಿಯವರನ್ನು ಓದುತ್ತೇವೆ. ಮೂಡಿಗೆರೆಯ ಮಳೆ, ಜಿಗಣೆ, ಹೊಳೆದಂಡೆ, ಗಾಳದ ಕೋಲು ಎಲ್ಲವನ್ನೂ ಏಸಿ ಹಾಕಿಕೊಂಡು ಓದುತ್ತೇವೆ.

ಕಳೆದ ಕಂತಿನಲ್ಲಿ ‘ಪರಿಸರದ ಕಥೆ’ ಬಗ್ಗೆ ಮಾತಾಡಿದ ಮೇಲೆ ನಿಮ್ಮಲ್ಲಿ ಹಲವರು ಬರೆದಿರಿ. ಹೆಚ್ಚುಕಡಿಮೆ ಎಲ್ಲ ಪತ್ರಗಳಲ್ಲೂ ಒಂದು ಪದ ಇತ್ತು: ಪ್ರಕೃತಿ ಪ್ರೇಮಿ. ತೇಜಸ್ವಿ ದೊಡ್ಡ ಪ್ರಕೃತಿ ಪ್ರೇಮಿ, ಮಕ್ಕಳಿಗೆ ಓದಿಸಬೇಕು, ಪರಿಸರ ಉಳಿಸುವ ಪಾಠ ಕಲಿಯುತ್ತಾರೆ. ಈ ಮಾತಿನ ಬಗ್ಗೆ ನನಗೆ ತಕರಾರಿದೆ. ಅದು ಪೂರ್ತಿ ಸುಳ್ಳಲ್ಲ, ಆದರೆ ಆ ಪದ ಹಚ್ಚಿದ ಕೂಡಲೇ ಪುಸ್ತಕದ ಅರ್ಧ ಭಾಗ ಕಣ್ಣಿಗೆ ಬೀಳುವುದು ನಿಂತುಹೋಗುತ್ತದೆ. ಯಾವ ಅರ್ಧ? ಕೋವಿ ಹಿಡಿದು ಕಾಡು ಅಲೆದ, ಗಾಳ ಹಿಡಿದು ದಿನಗಟ್ಟಲೆ ಹೊಳೆದಂಡೆಯಲ್ಲಿ ಕೂತ, ಹಿಡಿದದ್ದನ್ನು ಮನೆಗೆ ತಂದು ಸಾರು ಮಾಡಿಸಿ ತಿಂದ ತೇಜಸ್ವಿ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಇಲ್ಲಿನ ನಾಲ್ಕೈದು ಮನೆಗಳ ಮಕ್ಕಳನ್ನು ಸೇರಿಸಿ ಶನಿವಾರ ಸಂಜೆ ‘ಪರಿಸರದ ಕಥೆ’ ಓದುತ್ತಿದ್ದೆ. ಬೇಟೆಯ ಪ್ರಸಂಗ ಬಂದಾಗಲೆಲ್ಲ ಒಂದೆರಡು ಪ್ಯಾರಾ ಹಾರಿಸುತ್ತಿದ್ದೆ. ಕೆಲವು ಮನೆಗಳಲ್ಲಿ ಮೊಟ್ಟೆಯೂ ತಿನ್ನುವುದಿಲ್ಲ, ಅಪ್ಪ ಅಮ್ಮಂದಿರು ಏನಂದುಕೊಳ್ಳುತ್ತಾರೋ ಅನ್ನುವ ಅಳುಕು. ಮೂರನೇ ವಾರ ಹದಿಮೂರು ವರ್ಷದ ಒಬ್ಬಳು ಹುಡುಗಿ ತನ್ನ ಪ್ರತಿಯಲ್ಲಿ ಬೆರಳಿಟ್ಟುಕೊಂಡು, "ಅಂಕಲ್, ನೀವು ಇಲ್ಲಿಂದ ಇಲ್ಲಿಗೆ ಜಂಪ್ ಮಾಡಿದ್ರಿ" ಅಂದಳು. ಅವಳ ಕನ್ನಡ ಓದು ನಿಧಾನ, ಒತ್ತಕ್ಷರ ಬಂದಲ್ಲಿ ತಡವರಿಸುತ್ತಾಳೆ. ನಿಧಾನ ಓದುವವರಿಂದ ಏನನ್ನೂ ಮುಚ್ಚಿಡೋಕ್ಕಾಗಲ್ಲ, ಅವರು ಪ್ರತಿ ಅಕ್ಷರ ನೋಡುತ್ತಿರುತ್ತಾರೆ. ಆ ದಿನದಿಂದ ನಾನು ಈ ಪುಸ್ತಕಗಳನ್ನು ಇನ್ನೊಂದು ರೀತಿ ಓದತೊಡಗಿದೆ. ಈ ಬರಹ ಆ ಓದಿನ ಫಲ.

ಹವ್ಯಾಸ ಅನ್ನುವ ಪದದಿಂದ ಶುರುಮಾಡೋಣ. ನಿಮ್ಮ ಮಕ್ಕಳಿಗೆ ‘ಹಾಬಿ’ಗೆ ಕನ್ನಡ ಏನು ಅಂದರೆ ಹವ್ಯಾಸ ಅಂತ ಹೇಳಿಕೊಡುತ್ತೀರಿ. ಪಕ್ಕದ ಮರಾಠಿಯಲ್ಲಿ ಇದೇ ಪದಕ್ಕೆ ಅರ್ಥ ಬೇರೆ: ಅತಿಯಾಸೆ, ಹಪಾಹಪಿ. ಕನ್ನಡದಲ್ಲಿ ಆ ಪದ ಸಾಧುವಾಗಿ ಪಠ್ಯಪುಸ್ತಕ ಸೇರಿತು. ಆದರೆ ಮನೆಮಾತಿನಲ್ಲಿ ನಾವು ಬಳಸುವ ಬೇರೆ ಪದಗಳನ್ನು ನೋಡಿ: ಹುಚ್ಚು, ಗೀಳು, ಚಟ, ತೆವಲು. "ಅವನಿಗೆ ಮೀನಿನ ಹುಚ್ಚು ಹಿಡಿದಿದೆ." ಎಲ್ಲವೂ ಕಾಯಿಲೆಗಳೇ! ಬಿಡುವಿನ ವೇಳೆಯನ್ನು ಸದುಪಯೋಗ ಮಾಡಿಕೊಳ್ಳುವುದು ಅನ್ನುವ ಭಾವ ಈ ಯಾವ ಪದದಲ್ಲೂ ಇಲ್ಲ. ಹುಚ್ಚು ಹಿಡಿದವನು ಬಿಡುವು ನೋಡಿಕೊಂಡು ಹೋಗುವುದಿಲ್ಲ, ಕೆಲಸ ಬಿಟ್ಟು ಹೋಗುತ್ತಾನೆ. ತೇಜಸ್ವಿಯವರದ್ದು ಈ ಎರಡನೇ ಜಾತಿ.

ಮಲೆನಾಡಿನ ಮಾತಿನಲ್ಲಿ ಇನ್ನೊಂದು ವಿಶೇಷ ಇದೆ. ಅಲ್ಲಿ ‘ಮೀನು ಶಿಕಾರಿ’ ಅನ್ನುತ್ತಾರೆ. ಹಂದಿಗೆ ಹೋದರೂ ಶಿಕಾರಿ, ಮೀನಿಗೆ ಹೋದರೂ ಶಿಕಾರಿ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹೊಳೆಯ ಮೀನು ಮೊಟ್ಟೆ ಇಡಲು ನೀರಿಗೆದುರಾಗಿ ತೊರೆ, ಗದ್ದೆಗಳಿಗೆ ಹತ್ತಿ ಬರುತ್ತವೆ. ಅದಕ್ಕೆ ಹತ್ತುಮೀನು ಅಂತ ಹೆಸರು. ಬಿದಿರಿನ ಕೂಣಿ ಇಟ್ಟು, ಲಾಟೀನು ಹಿಡಿದು, ಊರಿನ ಗಂಡಸರು ಹುಡುಗರು ರಾತ್ರಿಯಿಡೀ ನೀರಿನಲ್ಲಿ ನಿಲ್ಲುತ್ತಾರೆ. ಮೊಟ್ಟೆ ತುಂಬಿದ ಮೀನನ್ನೇ ಹಿಡಿಯುವುದು ಸರಿಯೇ ಅಂತ ಈಗ ಕೇಳಬಹುದು, ಕೇಳಲೇಬೇಕು. ಆದರೆ ಯಾವ ಮಳೆಗೆ ಯಾವ ತೊರೆಗೆ ಯಾವ ಮೀನು ಹತ್ತುತ್ತದೆ ಅನ್ನುವುದು ಗೊತ್ತಿದ್ದದ್ದು ಹಾಗೆ ನಿಂತವರಿಗೇ.

ಈಗ ಸ್ವಲ್ಪ ದೂರ ಹೋಗಿ ಬರೋಣ. ನಿಮ್ಮಲ್ಲಿ ಕೆಲವರು ರಜೆಗೆ ನ್ಯೂಜಿಲೆಂಡಿಗೆ ಹೋದಾಗ ಸೊಂಟದವರೆಗೆ ನೀರಿನಲ್ಲಿ ನಿಂತು ಉದ್ದದ ದಾರವನ್ನು ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಬೀಸುವವರನ್ನು ನೋಡಿರಬಹುದು. ಅದು ಫ್ಲೈ ಫಿಶಿಂಗ್. ಗಾಳದ ತುದಿಯಲ್ಲಿ ಎರೆಹುಳ ಇರುವುದಿಲ್ಲ; ಹಕ್ಕಿಯ ಪುಕ್ಕ, ಪ್ರಾಣಿಯ ಕೂದಲು, ರೇಷ್ಮೆ ನೂಲು ಸುತ್ತಿ ಮಾಡಿದ ಹುಸಿ ಕೀಟ ಇರುತ್ತದೆ. ಅದಕ್ಕೆ ತೂಕವೇ ಇಲ್ಲ, ಹಾಗಾಗಿ ಎಸೆಯೋಕ್ಕಾಗಲ್ಲ. ದಾರವೇ ದಪ್ಪ, ದಾರದ ತೂಕವೇ ಕೀಟವನ್ನು ಹೊತ್ತೊಯ್ಯುತ್ತದೆ. ಟ್ರೌಟ್ ಮೀನು ತಣ್ಣಗಿನ, ಆಮ್ಲಜನಕ ಹೆಚ್ಚಿರುವ ಬೆಟ್ಟದ ನೀರಿನದು. ಆಯಾ ವಾರ ಹೊಳೆಯಿಂದ ಏಳುವ ಕೀಟ ಯಾವುದೋ ಅದನ್ನೇ ಅದು ಹುಡುಕುತ್ತದೆ, ಬೇರೆಯದನ್ನು ಕೊಟ್ಟರೆ ಮೂತಿ ತಿರುಗಿಸುತ್ತದೆ. ಹೀಗಾಗಿ ಮೀನಿಗೆ ಹೋದವನು ಕೀಟ ಕಲಿಯಬೇಕು. ಕಲ್ಲು ಮಗುಚಿ ಮರಿಹುಳ ನೋಡಬೇಕು. ಹುಸಿ ಕೀಟ ಕಟ್ಟಲು ಪುಕ್ಕ ಬೇಕು, ಪುಕ್ಕಕ್ಕಾಗಿ ಹಕ್ಕಿ ಗೊತ್ತಿರಬೇಕು. ನೀರಿನ ಬಿಸಿ, ಮೋಡ, ನಕಾಶೆ, ಬಿದಿರು ಸೀಳಿ ಕೋಲು ಮಾಡುವ ಬಡಗಿ ಕೆಲಸ. ಒಂದು ಹುಚ್ಚು ಹತ್ತು ಹುಚ್ಚು ಮರಿ ಹಾಕುತ್ತದೆ.

ಟ್ರೌಟ್ ನಮ್ಮ ದೇಶದ ಮೀನಲ್ಲ. ಬ್ರಿಟಿಷರು ತಮ್ಮ ಚಟಕ್ಕೆ ಮೊಟ್ಟೆ ತರಿಸಿ 1900ರ ಹೊತ್ತಿಗೆ ಕಾಶ್ಮೀರದಲ್ಲಿ, ಆಮೇಲೆ ನೀಲಗಿರಿಯಲ್ಲಿ ಬೆಳೆಸಿದರು. ಕನ್ನಡ ನಾಡಿನ ಬಿಸಿ ನೀರಿಗೆ ಅದು ಒಗ್ಗುವುದಿಲ್ಲ. ಇಲ್ಲಿ ಅದರ ಜಾಗದಲ್ಲಿ ನಿಂತದ್ದು ಮಹಶೀರ್. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ ಇಂಡಿಯಾದ ಗಾಳದ ಬೇಟೆಯ ಮೂಲ ಪುಸ್ತಕ ಅನ್ನಿಸಿಕೊಂಡಿದೆ. 1873ರಲ್ಲಿ ಅದು ಮೊದಲು ಅಚ್ಚಾದದ್ದು ಲಂಡನ್ನಿನಲ್ಲಲ್ಲ, ಮಂಗಳೂರಿನಲ್ಲಿ. ಕನ್ನಡ ತುಳು ಆಡುವ ಜನರ ಹೊಳೆಗಳ ಮೇಲೆ, ಕನ್ನಡ ಪುಸ್ತಕಗಳು ಅಚ್ಚಾಗುತ್ತಿದ್ದ ಊರಿನಲ್ಲಿ, ಇಂಗ್ಲಿಷಿನವರು ಇಂಗ್ಲಿಷಿನವರಿಗಾಗಿ ಬರೆದುಕೊಂಡ ಪುಸ್ತಕ. ಕನ್ನಡದಲ್ಲಿ ಗಾಳ ಹಿಡಿದು ಕೂತವನ ಮನಸ್ಸನ್ನು ಒಳಗಿನಿಂದ ತೋರಿಸುವ ಗದ್ಯ ಬರಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಹೊಳೆಗಳೂ ಇದ್ದವು, ಮೀನೂ ಇತ್ತು, ಹಿಡಿಯುವವರಂತೂ ಇದ್ದೇ ಇದ್ದರು. ಹಿಡಿಯುವವರು ಬರೆಯುತ್ತಿರಲಿಲ್ಲ, ಬರೆಯುವವರು ಹಿಡಿಯುತ್ತಿರಲಿಲ್ಲ, ಅಷ್ಟೇ.

ತೇಜಸ್ವಿ ಎರಡೂ ಮಾಡಿದರು. 1938ರಲ್ಲಿ ಹುಟ್ಟಿದ, ಕುವೆಂಪು ಅವರ ಮಗ. ಮೈಸೂರಿನಲ್ಲಿ ಕನ್ನಡ ಎಂ.ಎ. ಮಾಡಿ, ಮೇಷ್ಟರಾಗುವ ದಾರಿ ಬಿಟ್ಟು, ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿ, 2007ರಲ್ಲಿ ಅಲ್ಲೇ ತೀರಿಕೊಂಡರು. ಈ ಸಾಲುಗಳನ್ನು ನೀವು ನೂರು ಕಡೆ ಓದಿರುತ್ತೀರಿ. ನನಗೆ ಮುಖ್ಯ ಅನ್ನಿಸುವುದು ಹುಚ್ಚುಗಳ ಸರಪಳಿ: ಸಿತಾರ್, ಚಿತ್ರಕಲೆ, ಕೋವಿ, ಗಾಳ, ಜೇನು, ಕೀಟ, ಹಕ್ಕಿ, ಹಕ್ಕಿಗಾಗಿ ಕ್ಯಾಮೆರಾ, ಸ್ವಂತ ಪುಸ್ತಕ ಪ್ರಕಾಶನ, ಕೊನೆಗೆ ಕಂಪ್ಯೂಟರು ಮತ್ತು ಕನ್ನಡ ತಂತ್ರಾಂಶ. ಒಂದರ ಬಾಲ ಹಿಡಿದು ಇನ್ನೊಂದು. ಜಿಮ್ ಕಾರ್ಬೆಟ್, ಕೆನೆತ್ ಆಂಡರ್ಸನ್ ಎಂಬ ಇಬ್ಬರು ಬೇಟೆಗಾರರನ್ನು ಕನ್ನಡಕ್ಕೆ ತಂದವರೂ ಇವರೇ; ಹಕ್ಕಿಗಳ ಮೇಲೆ ‘ಹಕ್ಕಿಪುಕ್ಕ’, ‘ಮಿಂಚುಳ್ಳಿ’ ಮಾಡಿದವರೂ ಇವರೇ. ಪ್ರಕೃತಿ ಪ್ರೇಮಿ ಅನ್ನುವ ಒಂದು ಚೀಟಿ ಹಚ್ಚಿದರೆ ಈ ಇಬ್ಬರು ತೇಜಸ್ವಿಯರಲ್ಲಿ ಒಬ್ಬರನ್ನು ಮನೆಯಿಂದ ಹೊರಗೆ ಹಾಕಬೇಕಾಗುತ್ತದೆ.

ಮೀನಿನ ತೇಜಸ್ವಿ ಸಿಗುವುದು ಮುಖ್ಯವಾಗಿ ‘ಅಲೆಮಾರಿಯ ಅಂಡಮಾನ್’ನಲ್ಲಿ, ‘ಮಹಾನದಿ ನೈಲ್’ ಜೊತೆ ಒಂದೇ ರಟ್ಟಿನೊಳಗೆ ಬಂದ ಪ್ರವಾಸ ಕಥನ. ನಮ್ಮಲ್ಲಿ ಪ್ರವಾಸ ಕಥನ ಅಂದರೆ ಹೋದ ಊರು, ನೋಡಿದ ಗುಡಿ, ತಿಂದ ಊಟ, ನಡುವೆ ಒಂದಿಷ್ಟು ಇತಿಹಾಸ. ಅಂಡಮಾನಿಗೆ ಹೋಗುವವರು ಸೆಲ್ಯುಲಾರ್ ಜೈಲು ನೋಡಲು ಹೋಗುತ್ತಾರೆ. ತೇಜಸ್ವಿ ಮತ್ತು ಗೆಳೆಯರ ತಲೆಯಲ್ಲಿ ಮೀನು. ಈ ಹುಚ್ಚು ಪುಸ್ತಕಕ್ಕೆ ಒಂದು ಉಪಕಾರ ಮಾಡಿದೆ. ಮೀನು ಬೇಕು ಅಂದರೆ ಮೀನು ಎಲ್ಲಿದೆ ಅಂತ ಕೇಳಬೇಕು, ಕೇಳಲು ಅಲ್ಲಿನ ಜನ ಬೇಕು, ಅವರ ಜೊತೆ ದೋಣಿ ಹತ್ತಬೇಕು. ನೋಡಲು ಹೋದವನು ದಡದಲ್ಲೇ ನಿಲ್ಲುತ್ತಾನೆ. ಹಿಡಿಯಲು ಹೋದವನು ನೀರಿಗೆ ಇಳಿಯದೆ ವಿಧಿಯಿಲ್ಲ. ಕನ್ನಡದ ಪ್ರವಾಸ ಸಾಹಿತ್ಯದಲ್ಲಿ ಇಷ್ಟು ಒದ್ದೆಯಾದ ಪುಸ್ತಕ ಇನ್ನೊಂದನ್ನು ನಾನು ಓದಿಲ್ಲ.

ಹೋಲಿಸಿ ನೋಡಿ. ನಾರ್ಮನ್ ಮೆಕ್ಲೀನ್ 1976ರಲ್ಲಿ ಬರೆದ ‘ಎ ರಿವರ್ ರನ್ಸ್ ಥ್ರೂ ಇಟ್’ ಫ್ಲೈ ಫಿಶಿಂಗ್ ಸಾಹಿತ್ಯದ ಶಿಖರ. 1992ರ ಸಿನಿಮಾ ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಅಲ್ಲಿ ಅಪ್ಪ ಪಾದ್ರಿ. ದಾರ ಬೀಸುವುದನ್ನು ತಾಳ ಹಾಕಿ ನಾಲ್ಕು ಎಣಿಕೆಯಲ್ಲಿ ಕಲಿಸುತ್ತಾನೆ. ಗಾಳ ಹಾಕುವುದು ಅಲ್ಲಿ ಹೆಚ್ಚುಕಡಿಮೆ ಪೂಜೆ, ಚೆನ್ನಾಗಿ ಹಾಕುವುದು ದೇವರ ಕೃಪೆ. ಅದ್ಭುತ ಪುಸ್ತಕ, ಅನುಮಾನವೇ ಇಲ್ಲ. ಆದರೆ ಅಲ್ಲಿ ಯಾರೂ ನಗುವುದಿಲ್ಲ ಅನ್ನುವಷ್ಟು ಗಂಭೀರ. ತೇಜಸ್ವಿಯಲ್ಲಿ ಪೂಜೆ ಇಲ್ಲ. ಇರುವುದು ಸೋಜಿಗ, ಪೋಲಿ ಗೆಳೆಯರು, ಅಡಿಗೆ, ಪೆಚ್ಚಾಗುವುದು. ತಾನು ಪೆಚ್ಚಾದದ್ದನ್ನು ಹೇಳುವಾಗ ಅವರ ಗದ್ಯ ಅತಿ ಚುರುಕು. ಇಂಗ್ಲಿಷಿನ ಶಿಕಾರಿ ಪುಸ್ತಕಗಳು ಮೀನಿನ ತೂಕ ಹೇಳಿ ಮುಗಿಸುತ್ತವೆ. ಇವರು ತಪ್ಪಿಸಿಕೊಂಡದ್ದನ್ನು ಹೇಳಿ ಮುಂದುವರಿಸುತ್ತಾರೆ.

ಇದರ ಪರಮಾವಧಿ ‘ಕರ್ವಾಲೊ’. 1980ರ ಆ ಕಾದಂಬರಿಯಲ್ಲಿ ಗಾಳ ಇಲ್ಲ ನಿಜ. ಆದರೆ ನನ್ನ ಓದಿನಲ್ಲಿ ಅದು ಕನ್ನಡದ ಅತಿ ದೊಡ್ಡ ಗಾಳದ ಕಥೆ. ವಿಜ್ಞಾನಿ ಕರ್ವಾಲೊ, ಕಾಫಿ ತೋಟದ ನಿರೂಪಕ, ಜೇನು ಹಿಡಿಯುವ ಮಂದಣ್ಣ, ಫೋಟೋಗ್ರಾಫರ್ ಪ್ರಭಾಕರ, ಬಿರಿಯಾನಿ ಕರಿಯಪ್ಪ, ಕಿವಿ ಎಂಬ ನಾಯಿ, ಹೀಗೊಂದು ಚಿಲ್ಲರೆ ಸೈನ್ಯ ಹಾರುವ ಓತಿಯನ್ನು ಹುಡುಕಿ ನಾರ್ವೆ ಕಾಡಿಗೆ ಹೋಗುತ್ತದೆ. ಓತಿ ಕಾಣುತ್ತದೆ. ಕೈಗೆ ಸಿಕ್ಕೀತು ಅನ್ನುವಷ್ಟರಲ್ಲಿ ಕಣಿವೆಯ ಮೇಲಿನ ಶೂನ್ಯಕ್ಕೆ ಹಾರಿ ಹೋಗುತ್ತದೆ. ಗಾಳ ಹಾಕಿದ ಯಾರನ್ನಾದರೂ ಕೇಳಿ: ಜೀವನ ಪೂರ್ತಿ ನೆನಪಿರುವುದು ದಡದವರೆಗೆ ಬಂದು ದಾರ ಕಿತ್ತುಕೊಂಡು ಹೋದ ಮೀನು. ಇನ್ನೊಂದು ವಿಷಯ. ಆ ಓತಿಯನ್ನು ಮೊದಲು ಕಂಡವನು ವಿಜ್ಞಾನಿಯಲ್ಲ, ಮಂದಣ್ಣ. ಊರಿನವರ ಕಣ್ಣಿಗೆ ಅವನು ಕೆಲಸಕ್ಕೆ ಬಾರದ ಪೆದ್ದ. ಅವನಲ್ಲಿ ಹುಟ್ಟು ನಿಸರ್ಗ ವಿಜ್ಞಾನಿಯನ್ನು ಗುರುತಿಸುವವರು ಕರ್ವಾಲೊ ಒಬ್ಬರೇ.

ಇಲ್ಲಿಗೆ ನಾನು ಹೇಳಬೇಕಾದ ವಿಷಯಕ್ಕೆ ಬಂದೆವು. ತೇಜಸ್ವಿಗೆ ಹುಚ್ಚು ಅನ್ನುವುದು ತಿಳಿಯುವ ದಾರಿ. ಬೋಧನೆ ಅವರ ಕ್ರಮವಲ್ಲ. ಮಂದಣ್ಣನಿಗೆ ಕಾಡು ಉಳಿಸಬೇಕು ಅಂತ ಯಾರೂ ಪಾಠ ಮಾಡಿಲ್ಲ; ಅವನು ಜೇನಿಗೆ ಹೋದ, ಹೋಗಿ ಹೋಗಿ ನೋಡಿದ, ನೋಡಿ ನೋಡಿ ಗೊತ್ತಾಯಿತು. ಮಕ್ಕಳಿಗೆ ನಾವು ಕೊಡುವುದು ತಿರುಗುಮುರುಗು: ಮೊದಲು ಪ್ರೀತಿ ಮಾಡು ಅನ್ನುತ್ತೇವೆ, ಆಮೇಲೆ ಪೋಸ್ಟರ್ ಬರೆಸುತ್ತೇವೆ, ಕಾಡು ಹೊಳೆ ಕೊನೆಗೆ ಬಂದರೆ ಬಂತು.

ಇದು ಬರೀ ಕಾದಂಬರಿಯ ಮಾತು ಅನ್ನಬೇಡಿ. ಕಾವೇರಿಯ ಮಹಶೀರ್ ಕಥೆ ಕೇಳಿ. ಕಿತ್ತಳೆ ಬಣ್ಣದ ರೆಕ್ಕೆ, ಗೂನು ಬೆನ್ನಿನ ಆ ಮೀನು ಜಗತ್ತಿನ ಗಾಳಗಾರರಿಗೆಲ್ಲ ಗೊತ್ತು. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಪಿಲಾ ನದಿಯಲ್ಲಿ 120 ಪೌಂಡಿನದ್ದನ್ನು ಹಿಡಿದರು, ಅಂದರೆ 54 ಕಿಲೋಗೂ ಮೇಲೆ. ಸತ್ತ ಹುಲಿಗಳಿಗೆ ಹುಲ್ಲು ತುಂಬಿ ಜಗತ್ತಿಗೆ ಕಳಿಸುತ್ತಿದ್ದ ಮನೆತನ ಅದು. ಮುಂದೆ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿ ಶಿಬಿರಗಳಿಗೆ ಹೊರದೇಶದವರು ಬಂದು, ಹಿಡಿದು, ತೂಗಿ, ಫೋಟೋ ತೆಗೆದು, ವಾಪಸ್ ನೀರಿಗೆ ಬಿಡುತ್ತಿದ್ದರು. ಇಷ್ಟೆಲ್ಲ ಆದರೂ ಆ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದು 2018ರಲ್ಲಿ! ಕೇರಳದ ಪಾಂಬಾರ್ ಹೊಳೆಯಿಂದ ಮೊದಲೇ ವಿವರಿಸಿದ್ದ ‘ಟಾರ್ ರೆಮಾದೇವಿ’ ಅನ್ನುವ ಮೀನೂ ಕಾವೇರಿಯ ಗೂನು ಮಹಶೀರ್ ಕೂಡ ಒಂದೇ ಅಂತ ಆಗ ತಿಳಿಯಿತು. ಅಷ್ಟು ಹೊತ್ತಿಗೆ ಅದು ಅಳಿವಿನ ಅಂಚಿಗೆ ಬಂದಿತ್ತು.

ಅಳಿಯುತ್ತಿದೆ ಅಂತ ಹೇಗೆ ಗೊತ್ತಾಯಿತು? ಗಾಲಿಬೋರೆ ಶಿಬಿರದಲ್ಲಿ ಗಾಳಗಾರರು 1998ರಿಂದ 2012ರವರೆಗೆ ಬರೆದಿಟ್ಟ ದಿನಚರಿಗಳಿಂದ. ಯಾವ ದಿನ, ಎಷ್ಟು ಹೊತ್ತು, ಯಾವ ಮೀನು, ಎಷ್ಟು ತೂಕ. ಹುಚ್ಚರ ಲೆಕ್ಕ. ವಿಜ್ಞಾನಿಗಳು ಅದನ್ನು ಕೂಡಿಸಿ ನೋಡಿದರೆ ಗೂನು ಮಹಶೀರ್ ವರ್ಷ ವರ್ಷ ಕಡಿಮೆ, ಅದರ ಜಾಗದಲ್ಲಿ ನೀಲಿ ರೆಕ್ಕೆಯ ಬೇರೊಂದು ಮಹಶೀರ್ ಹೆಚ್ಚು. ಈ ನೀಲಿಯದು ಎಲ್ಲಿಂದ ಬಂತು? 1970ರ ದಶಕದಿಂದ ಲೋಣಾವಳದ ಸಾಕಣೆ ಕೇಂದ್ರದ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಮಹಶೀರ್ ಉಳಿಯಲಿ ಅನ್ನುವ ಸದುದ್ದೇಶದಿಂದಲೇ. ಪ್ರೀತಿ ಇತ್ತು, ಮೀನಿನ ಜಾತಿ ಗೊತ್ತಿರಲಿಲ್ಲ. ಆಮೇಲೆ ಕಾವೇರಿ ವನ್ಯಧಾಮದೊಳಗೆ ಗಾಳಕ್ಕೆ ನಿಷೇಧ ಬಂತು, ಶಿಬಿರಗಳು ನಿಂತವು. ನಿಷೇಧದ ಪರ ವಿರೋಧ ಎರಡೂ ಕಡೆ ಗಟ್ಟಿ ವಾದಗಳಿವೆ, ನಾನು ಅಲ್ಲಿಗೆ ಹೋಗುವುದಿಲ್ಲ. ದಿನಚರಿ ನಿಂತುಹೋಯಿತು ಅನ್ನುವುದನ್ನು ಮಾತ್ರ ನೆನಪಿಡಿ.

ಇದನ್ನು ಹೇಳುವಾಗ ಶಿಶಿಲದ ನೆನಪಾಗುತ್ತದೆ. ಬೆಳ್ತಂಗಡಿ ತಾಲೂಕಿನ ಶಿಶಿಲೇಶ್ವರ ದೇವಸ್ಥಾನದ ಮುಂದೆ ಹೊಳೆಯಲ್ಲಿ ದೇವರ ಮೀನುಗಳಿವೆ, ಅವೂ ಮಹಶೀರ್ ಜಾತಿಯವು, ಯಾರೂ ಹಿಡಿಯುವಂತಿಲ್ಲ. 1996ರಲ್ಲಿ ಯಾರೋ ಹೊಳೆಗೆ ವಿಷ ಹಾಕಿದರು, ರಾಶಿ ರಾಶಿ ಮೀನು ಸತ್ತವು, ಊರಿನವರು ಅವಕ್ಕೊಂದು ಸ್ಮಾರಕ ಕಟ್ಟಿದರು. ಮೀನಿಗೆ ಸ್ಮಾರಕ ಕಟ್ಟುವ ನಾಡು, ಮೀನು ಶಿಕಾರಿಗೆ ರಾತ್ರಿಯಿಡೀ ನೆನೆಯುವ ನಾಡು, ಎರಡೂ ಒಂದೇ. ತೇಜಸ್ವಿ ಈ ಇಡೀ ನಾಡಿನ ಲೇಖಕರು.

ಹಾಗಂತ ಅವರ ಹವ್ಯಾಸದ ಬರಹಗಳಲ್ಲಿ ಎಲ್ಲವೂ ಸರಿ ಅಂತ ನಾನು ಹೇಳುತ್ತಿಲ್ಲ. ಮಾರ, ಪ್ಯಾರ, ಎಂಗ್ಟ, ಮಾಸ್ತಿ, ಬೈರ ಇವರೆಲ್ಲ ಇಲ್ಲದಿದ್ದರೆ ತೇಜಸ್ವಿಗೆ ಗೊತ್ತಿರುತ್ತಿದ್ದ ಕಾಡು ಎಷ್ಟು? ಆ ಋಣವನ್ನು ಅವರು ಮುಚ್ಚಿಡುವುದಿಲ್ಲ, ನಿಜ. ಆದರೂ ಕೆಲವು ಕಡೆ ಎಂಗ್ಟನಂಥವರ ಬುರುಡೆ ಮಾತಿಗೆ ನಗಿಸುವ ಭರದಲ್ಲಿ ಅವರ ಬದುಕಿನ ಕಷ್ಟ ಹಿಂದೆ ಸರಿಯುತ್ತದೆ. ತೋಟದ ಮಾಲೀಕನಿಗೆ ಗಾಳ ಹುಚ್ಚು. ಕೂಲಿಯವನಿಗೆ ಅದು ರಾತ್ರಿಯ ಸಾರು. ಒಂದೇ ಹೊಳೆಯಲ್ಲಿ ಇಬ್ಬರೂ ನಿಂತಿದ್ದಾರೆ ಅಂದ ಮಾತ್ರಕ್ಕೆ ಇಬ್ಬರ ಕಾಯುವಿಕೆಯೂ ಒಂದೇ ಅಲ್ಲ.

ಎರಡನೆಯದು ಹೆಣ್ಣುಮಕ್ಕಳು. ನಾರ್ವೆ ಕಾಡಿಗೆ ಹೊರಟ ಸೈನ್ಯದಲ್ಲಿ ಒಬ್ಬ ಹೆಂಗಸೂ ಇಲ್ಲ. ‘ಕಿರಗೂರಿನ ಗಯ್ಯಾಳಿಗಳು’ ಬರೆದವರು ಇದೇ ಲೇಖಕರು ಅನ್ನುವುದನ್ನು ಮರೆಯಬೇಡಿ. ಹೆಂಗಸರ ಬಾಯಿ, ಸಿಟ್ಟು, ಬುದ್ಧಿ ಎಲ್ಲ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಹುಚ್ಚು ಹಿಡಿಯುವ ಹಕ್ಕು ಮಾತ್ರ ಗಂಡಸರದ್ದೇ. ಹುಚ್ಚನ ಮನೆಯಲ್ಲಿ ಯಾರೋ ಒಬ್ಬರು ಹುಚ್ಚಿಲ್ಲದೆ ಇರಬೇಕಲ್ಲ, ಬಂದ ನೆಂಟರಿಗೆ ಕಾಫಿ ಕೊಡಬೇಕಲ್ಲ. ರಾಜೇಶ್ವರಿ ತೇಜಸ್ವಿಯವರ ‘ನನ್ನ ತೇಜಸ್ವಿ’ಯನ್ನು ಇದರ ಪಕ್ಕದಲ್ಲಿ ಇಟ್ಟು ಓದಿ. ಗಂಡನ ಮೇಲಿನ ಪ್ರೀತಿಯಿಂದಲೇ ಬರೆದದ್ದು. ಆದರೂ ಆ ಮನೆ ನಡೆದದ್ದು ಹೇಗೆ ಅನ್ನುವುದು ಅಲ್ಲಿ ಕಾಣುವಷ್ಟು ತೇಜಸ್ವಿಯ ಪುಸ್ತಕಗಳಲ್ಲಿ ಕಾಣುವುದಿಲ್ಲ. ಪ್ಯಾರಾ ಹಾರಿಸಿದ್ದನ್ನು ಹಿಡಿದ ಆ ಹುಡುಗಿ ಕೂಡ ಒಮ್ಮೆ, "ಇದ್ರಲ್ಲಿ ಗರ್ಲ್ಸ್ ಯಾಕೆ ಫಿಶಿಂಗ್ ಹೋಗಲ್ಲ?" ಅಂತ ಕೇಳಿದಳು. ‘ಸುಸ್ಮಿತ ಮತ್ತು ಹಕ್ಕಿಮರಿ’ ತೋರಿಸಿದೆ. ಮಗಳು ಬರುವ ಕಥೆ ಅದು. ಅವಳಿಗೆ ಅಷ್ಟಕ್ಕೇ ಸಮಾಧಾನ ಆಗಲಿಲ್ಲ. ನನಗೂ ಆಗಿಲ್ಲ.

ಇನ್ನು ಭಾಷೆ. ನೀವು ಇಲ್ಲೇ ಹುಟ್ಟಿ ದೊಡ್ಡವರಾಗಿ ಕನ್ನಡ ಕಲಿಯುತ್ತಿರುವವರಾದರೆ, ತೇಜಸ್ವಿ ಕಷ್ಟ ಅಂತ ಯಾರಾದರೂ ಹೆದರಿಸಿದ್ದರೆ ನಂಬಬೇಡಿ. ಅವರ ಪುಸ್ತಕಗಳ ಹೆಸರು ನೋಡಿ: ‘ಜುಗಾರಿ ಕ್ರಾಸ್’, ‘ಮಿಸ್ಸಿಂಗ್ ಲಿಂಕ್’, ‘ಅಬಚೂರಿನ ಪೋಸ್ಟಾಫೀಸು’. ಇಂಗ್ಲಿಷ್ ಪದ ಬಂದರೆ ಬೆಚ್ಚಿಬೀಳುವ ಮನುಷ್ಯ ಅಲ್ಲ. ನಿಘಂಟಿನಲ್ಲಿ ಸಿಗದ ಮಲೆನಾಡಿನ ಪದಗಳು ಬರುತ್ತವೆ, ಬರಲಿ. ಬೆಂಗಳೂರಿನ ಓದುಗರಿಗೂ ಅವು ಸಿಗುವುದಿಲ್ಲ. ವಾಕ್ಯ ಮಾತ್ರ ನಿಮ್ಮ ಅಜ್ಜ ಜಗಲಿಯಲ್ಲಿ ಕೂತು ಹೇಳಿದಂತೆ ಇರುತ್ತದೆ.

ಮತ್ತೆ, ನಿಮಗೂ ಈ ಪುಸ್ತಕಗಳಿಗೂ ಒಂದು ಸಂಬಂಧ ಇದೆ, ಬೆಂಗಳೂರಿನವರಿಗೆ ಇಲ್ಲದ್ದು. ಸಿಂಗಪುರದ ಶಾಲೆಗಳಲ್ಲಿ ಮಾತೃಭಾಷೆ ಅಂತ ತಮಿಳು ತಗೋಬಹುದು. ಇಲ್ಲವಾದರೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು. ಕನ್ನಡ ಆ ಪಟ್ಟಿಯಲ್ಲಿ ಇಲ್ಲ. ನಿಮ್ಮ ಮಕ್ಕಳು ಹಿಂದಿಯಲ್ಲೋ ತಮಿಳಿನಲ್ಲೋ ಪರೀಕ್ಷೆ ಬರೆಯುತ್ತಾರೆ. ಕನ್ನಡಕ್ಕೆ ಅಂಕ ಇಲ್ಲ, ಸರ್ಟಿಫಿಕೇಟ್ ಇಲ್ಲ, ಡಿಎಸ್‌ಎ ಅರ್ಜಿಯಲ್ಲಿ ಅದಕ್ಕೊಂದು ಖಾನೆಯೂ ಇಲ್ಲ. ಇಲ್ಲಿ ಕನ್ನಡ ಅನ್ನುವುದು ಶುದ್ಧ ಹವ್ಯಾಸ. ನಾವು ಇದಕ್ಕೆ ಬೇಜಾರು ಮಾಡಿಕೊಂಡು, ಅಂಕ ಇಲ್ಲದ ಕೊರತೆ ತುಂಬಲು ನೀತಿ ತುರುಕುತ್ತೇವೆ: ಸಂಸ್ಕೃತಿ ಉಳಿಸಬೇಕು, ಬೇರು ಮರೆಯಬಾರದು, ಪರಿಸರ ಪ್ರೀತಿಸಬೇಕು. ಹಿಡಿಯಲು ಹೋಗುವ ಮೊದಲೇ ಹುಡುಗರಿಗೆ ಸಾಕಾಗಿಬಿಡುತ್ತದೆ. ತೇಜಸ್ವಿಯನ್ನೂ ನಾವು ಆ ನೀತಿಯ ಮೂಟೆಗೇ ಸೇರಿಸಿದ್ದೇವೆ. ಅಂಕ ಇಲ್ಲದ ವಿಷಯಕ್ಕೆ ಇಡೀ ಜೀವನ ಕೊಟ್ಟವರ ಪುಸ್ತಕವನ್ನು!

ಎಲ್ಲಿಂದ ಶುರುಮಾಡಬೇಕು ಅಂತ ಕೇಳಿದ್ದಿರಿ. ಮಕ್ಕಳ ಜೊತೆ ಓದುವವರು ‘ಪರಿಸರದ ಕಥೆ’ಯ ‘ಕಿವಿಯೊಡನೆ ಒಂದು ದಿನ’ದಿಂದ. ದೊಡ್ಡವರು ‘ಕರ್ವಾಲೊ’. ಎರಡೂ ಮುಗಿದ ಮೇಲೆ ‘ಅಲೆಮಾರಿಯ ಅಂಡಮಾನ್’. ಅಂಡಮಾನ್ ನಮಗೆ ಬೆಂಗಳೂರಿಗಿಂತ ಹತ್ತಿರ ಅನ್ನುವುದು ನಕಾಶೆ ನೋಡಿದಾಗ ಹೊಳೆಯುತ್ತದೆ. ಏನನ್ನೂ ಹಾರಿಸಬೇಡಿ.

ಆ ಹುಡುಗಿಯ ವಿಷಯ ಹೇಳಿ ನಿಲ್ಲಿಸುತ್ತೇನೆ. ಪುಸ್ತಕ ಮುಗಿಯುವ ಹೊತ್ತಿಗೆ ಅವಳು ಅಪ್ಪನನ್ನು ಪೀಡಿಸಿ ಒಂದು ಕೋಲು ತರಿಸಿಕೊಂಡಿದ್ದಳು. ಇಲ್ಲಿನ ಜಲಾಶಯಗಳಲ್ಲಿ ಗೊತ್ತುಪಡಿಸಿದ ಜಾಗದಲ್ಲಿ ಮಾತ್ರ ಗಾಳ ಹಾಕಬಹುದು. ಎರೆಹುಳ ಚುಚ್ಚುವಂತಿಲ್ಲ, ಕೃತಕ ಆಮಿಷ ಮಾತ್ರ. ಹಾಗೆ ನೋಡಿದರೆ ಫ್ಲೈ ಫಿಶಿಂಗಿಗೆ ಹೇಳಿ ಮಾಡಿಸಿದ ಕಾನೂನು. ದಕ್ಷಿಣ ಅಮೆರಿಕದಿಂದ ಬಂದು ಇಲ್ಲಿ ಬೀಡುಬಿಟ್ಟಿರುವ ಪೀಕಾಕ್ ಬಾಸ್ ಮೀನಿಗೆ ಪುಕ್ಕದ ಹುಸಿ ಕೀಟ ಬೀಸುವವರೂ ಇದ್ದಾರೆ. ಒಂದು ಭಾನುವಾರ ಬೆಳಿಗ್ಗೆ ಲೋವರ್ ಸೆಲೆಟಾರ್ ಜಲಾಶಯದಿಂದ ಅವಳ ಫೋಟೋ ಬಂತು. ಪಕ್ಕದಲ್ಲಿದ್ದ ಚೀನೀ ಅಂಕಲ್ ಒಬ್ಬರು ಹಿಡಿದ ಮೀನನ್ನು ಇವಳು ಎರಡೂ ಕೈಯಲ್ಲಿ ಎತ್ತಿ ನಿಂತಿದ್ದಾಳೆ. ಉದ್ದನೆಯ ಮೈ, ಹಾವಿನಂಥ ತಲೆ, ಚೂಪು ಹಲ್ಲು. ಕೆಳಗೆ ಬರೆದಿದ್ದಳು: ಮಲಯ್‌ನಲ್ಲಿ ಟೋಮನ್. ಕನ್ನಡದಲ್ಲಿ ಏನು?

ನನಗೆ ಗೊತ್ತಿರಲಿಲ್ಲ. ಕೊಪ್ಪದಲ್ಲಿರುವ ಚಿಕ್ಕಪ್ಪನಿಗೆ ಫೋಟೋ ಕಳಿಸಿದೆ. ಐದು ನಿಮಿಷದಲ್ಲಿ ಫೋನ್ ಬಂತು. ಹೆಸರು ಹೇಳಲಿಲ್ಲ, ಪ್ರಶ್ನೆ ಕೇಳತೊಡಗಿದರು: "ಮೀಸೆ ಇತ್ತೇನೋ? ಹುರುಪೆ ದೊಡ್ಡದಾ ಸಣ್ಣದಾ? ನೀರು ನಿಂತದ್ದಾ ಹರಿಯೋದಾ?" ನಾನು ಹುಡುಗಿಯನ್ನು ಕೇಳಿದೆ, ಅವಳು ಚೀನೀ ಅಂಕಲ್‌ನ ಕೇಳಿದಳು, ಉತ್ತರ ಅದೇ ದಾರಿಯಲ್ಲಿ ವಾಪಸ್ ಬಂತು. ಚಿಕ್ಕಪ್ಪ, "ನಮ್ಮ ಕಡೆದಲ್ಲ ಇದು. ಆದ್ರೆ ಕುಚ್ಚು ಮೀನಿನ ಜಾತೀದೇ ಸೈ" ಅಂದರು. ಹಿಂದಿನಿಂದ ಯಾರೋ, "ಕುಚ್ಚಲ್ಲ ಮಾರಾಯ್ರೇ, ಕೊರವ!" ಅಂತ ಕೂಗಿದ್ದು ಕೇಳಿಸಿತು. ಅಲ್ಲಿಗೆ ಇಬ್ಬರಿಗೂ ಶುರುವಾಯಿತು. ನನ್ನನ್ನು ಲೈನಿನಲ್ಲಿ ಇಟ್ಟುಕೊಂಡೇ ಹತ್ತು ನಿಮಿಷ ಜಗಳ ಆಡಿದರು. ಈ ಕಡೆ ಮೆಸೇಜ್ ಮೇಲೆ ಮೆಸೇಜ್: "ಅಂಕಲ್, ಏನಂತೆ? ಬೇಗ ಹೇಳಿ, ಅವರು ನೀರಿಗೆ ಬಿಡ್ತಾ ಇದಾರೆ."